ಮಕ್ಕಳ ಬೊಜ್ಜು: ಪದೇ ಪದೇ ಕೇಳುವ ಪ್ರಶ್ನೆಗಳು

ಬಡ ದೇಶ, ಬೆಳೆಯುತ್ತಿರುವ ದೇಶ ಅಂದ ಕೂಡಲೇ ಪಕ್ಕೆಲುಬು ಎದ್ದು ಕಾಣುವ ಮಗುವಿನ ಚಿತ್ರ ಕಣ್ಣ ಮುಂದೆ ಬರುತ್ತದೆ. ಆ ಚಿತ್ರ ಇವತ್ತಿಗೂ ನಿಜ. ಆದರೆ ಅದೇ ದೇಶಗಳಲ್ಲಿ, ಎಷ್ಟೋ ಸಲ ಅದೇ ಓಣಿಯಲ್ಲಿ, ತೂಕ ಮಿತಿಮೀರಿದ ಮಕ್ಕಳೂ ಇದ್ದಾರೆ. ತಂದೆತಾಯಿ, ಶಿಕ್ಷಕರು, ಆರೋಗ್ಯ ಕಾರ್ಯಕರ್ತರು ಈ ವಿಷಯದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಗುಂಡುಗುಂಡಾಗಿರುವ ಮಗು ಆರೋಗ್ಯವಾಗಿರುತ್ತೆ, ಅಲ್ವಾ?

ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ವಾಂತಿ ಭೇದಿ, ದಡಾರ, ಬರಗಾಲ ಬಂದಾಗ ಮೈಯಲ್ಲಿ ಸ್ವಲ್ಪ ತುಂಬಿಕೊಂಡಿದ್ದ ಮಗುವೇ ಉಳಿಯುತ್ತಿತ್ತು. ಅದನ್ನು ಕಣ್ಣಾರೆ ಕಂಡ ಅಜ್ಜಿಯರಿಗೆ ದುಂಡು ಕೆನ್ನೆ ಅಂದರೆ ನೆಮ್ಮದಿ. ಅವರನ್ನು ತಪ್ಪು ಅನ್ನುವ ಹಾಗಿಲ್ಲ.

ಹಾಲು ಕುಡಿಯುವ ಕೂಸಿನ ತೊಡೆಯಲ್ಲಿ ಮಡಿಕೆ ಬೀಳುವುದು ಈಗಲೂ ಸಹಜವೇ. ಗೊಂದಲ ಶುರುವಾಗುವುದು ಆಮೇಲೆ. ಒಂದು ವರ್ಷ ದಾಟಿದ ಮಗು ನಡೆಯುತ್ತದೆ, ಓಡುತ್ತದೆ, ಉದ್ದ ಆಗುತ್ತದೆ. ಎತ್ತರಕ್ಕೆ ಹೋಲಿಸಿದರೆ ಅದರ ತೂಕ ಐದಾರು ವರ್ಷದವರೆಗೂ ಕಡಿಮೆಯಾಗುತ್ತಾ ಹೋಗುತ್ತದೆ. ಆಮೇಲೆ ನಿಧಾನವಾಗಿ ಮತ್ತೆ ಏರುತ್ತದೆ. ಬೆಳೆಯುವ ಕ್ರಮವೇ ಹಾಗೆ. ಆದರೆ "ಮಗು ಸೊರಗಿಬಿಟ್ಟಿದೆ, ಏನೂ ತಿನ್ನಲ್ಲ" ಅಂತ ಮನೆಯವರು ಕಂಗಾಲಾಗುವುದು ಸರಿಯಾಗಿ ಇದೇ ವಯಸ್ಸಿನಲ್ಲಿ. ಹಿಂದೆ ಹಿಂದೆ ಓಡಿ ತುತ್ತು ಹಾಕುತ್ತಾರೆ. ಮೊಬೈಲ್ ತೋರಿಸಿ ಬಾಯಿ ತೆರೆಸುತ್ತಾರೆ. ಊಟ ಬೇಡ ಅಂದರೆ ಬಿಸ್ಕತ್ತು ಕೊಡುತ್ತಾರೆ. ಎತ್ತರಕ್ಕೆ ಹೋಲಿಸಿದ ಆ ತೂಕ ಐದು ವರ್ಷಕ್ಕೂ ಮೊದಲೇ ಮತ್ತೆ ಏರಲು ಶುರುವಾದರೆ ಮುಂದೆ ಬೊಜ್ಜು ಬರುವ ಸಂಭವ ಜಾಸ್ತಿ. ಚುರುಕಾಗಿ ಆಡಿಕೊಂಡು, ಎತ್ತರ ಸರಿಯಾಗಿ ಬೆಳೆಯುತ್ತಿರುವ ನಾಲ್ಕು ವರ್ಷದ ಮಗು ತೆಳ್ಳಗಿದ್ದರೆ ಅದನ್ನು ಅದರ ಪಾಡಿಗೆ ಬಿಡಿ.

ತೂಕ ಜಾಸ್ತಿ ಇದೆ ಅಂತ ಹೇಗೆ ತೀರ್ಮಾನ ಮಾಡುತ್ತಾರೆ?

ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. ಸುತ್ತಮುತ್ತ ಎಲ್ಲ ಮಕ್ಕಳೂ ದಪ್ಪ ಆಗುತ್ತಿದ್ದರೆ ಕಣ್ಣಿಗೆ ದಪ್ಪವೇ ಸಾಮಾನ್ಯ ಅನಿಸುತ್ತದೆ.

ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕಕ್ಕೆ ಬಿಎಂಐ ಅನ್ನುತ್ತಾರೆ. ದೊಡ್ಡವರಿಗೆ ಅದು ಸುಲಭ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಆಯಿತು. ಮಕ್ಕಳಿಗೂ ಅದೇ ಲೆಕ್ಕ, ಆದರೆ ಬಂದ ಸಂಖ್ಯೆಯನ್ನು ವಯಸ್ಸಿನ ಜೊತೆ ಇಟ್ಟು ನೋಡಬೇಕು. ಒಂದು ಉದಾಹರಣೆ. 16 ವರ್ಷದ ಹುಡುಗ, ಎತ್ತರ 170 ಸೆಂಟಿಮೀಟರ್, ತೂಕ 55 ಕಿಲೋ. ಬಿಎಂಐ 19. 6 ವರ್ಷದ ಹುಡುಗ, ಎತ್ತರ 116 ಸೆಂಟಿಮೀಟರ್, ತೂಕ 25 ಕಿಲೋ 600 ಗ್ರಾಂ. ಅವನ ಬಿಎಂಐ ಕೂಡ 19. ಮೊದಲನೆಯವನದು ಸರಿಯಾದ ತೂಕ. ಎರಡನೆಯವನಿಗೆ ಬೊಜ್ಜು ಇದೆ.

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಗ್ರಾಫ್‌ಗಳು ಇದಕ್ಕೇ ಇರುವುದು. ಐದು ವರ್ಷದೊಳಗಿನ ಮಕ್ಕಳ ಮಾನದಂಡ 2006ರಲ್ಲಿ ಬಂತು. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ, ಹೀಗೆ ಆರು ದೇಶಗಳ ಮಕ್ಕಳನ್ನು ಅಳೆದು ಅದನ್ನು ಮಾಡಿದರು. ಒಳ್ಳೆಯ ಆಹಾರ, ಎದೆಹಾಲು, ಶುಚಿಯಾದ ಪರಿಸರ ಸಿಕ್ಕರೆ ಆರೂ ಕಡೆಯ ಮಕ್ಕಳು ಹೆಚ್ಚುಕಡಿಮೆ ಒಂದೇ ಥರ ಬೆಳೆಯುತ್ತಾರೆ ಅಂತ ಅದರಿಂದ ಗೊತ್ತಾಯಿತು. "ನಮ್ಮ ಕಡೆ ಮಕ್ಕಳೇ ಹೀಗೆ" ಅನ್ನುವ ಮಾತಿಗೆ ಚಿಕ್ಕ ವಯಸ್ಸಿನಲ್ಲಿ ಅಷ್ಟೇನೂ ಆಧಾರವಿಲ್ಲ. 5ರಿಂದ 19 ವರ್ಷದವರಿಗೆ 2007ರಲ್ಲಿ ಬೇರೆ ಗ್ರಾಫ್ ಬಂತು.

ಒಂದು ಸಲದ ತೂಕಕ್ಕಿಂತ ಗೆರೆ ಎತ್ತ ಹೋಗುತ್ತಿದೆ ಅನ್ನುವುದು ಮುಖ್ಯ. ಆರು ತಿಂಗಳಿಗೊಮ್ಮೆ ಗ್ರಾಫ್ ಮೇಲೆ ಒಂದೊಂದು ಚುಕ್ಕೆ ಇಡಿ. ಮಗುವಿನ ಗೆರೆ ತನ್ನ ದಾರಿ ಬಿಟ್ಟು ಮೇಲಿನ ಗೆರೆಯನ್ನು ದಾಟಿ ಹೋಗುತ್ತಿದ್ದರೆ ಆಗಲೇ ಗಮನ ಕೊಡಬೇಕು. ಮನೆಯಲ್ಲೇ ನೋಡಲು ಒಂದು ಸರಳ ಅಳತೆಯೂ ಇದೆ. ಐದು ವರ್ಷ ದಾಟಿದ ಮಗುವಿನ ಸೊಂಟದ ಸುತ್ತಳತೆ ಅದರ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು.

ಹಸಿವೇ ಇನ್ನೂ ನೀಗದ ದೇಶಗಳಲ್ಲಿ ಬೊಜ್ಜಿನ ಚಿಂತೆ ಯಾಕೆ?

ಎರಡೂ ಒಟ್ಟಿಗೆ ಇರುವುದರಿಂದ. 1990ರಲ್ಲಿ ಜಗತ್ತಿನ 5ರಿಂದ 19 ವರ್ಷದವರಲ್ಲಿ ಬೊಜ್ಜು ಇದ್ದವರು ಸುಮಾರು 3 ಕೋಟಿ 10 ಲಕ್ಷ. 2022ರ ಹೊತ್ತಿಗೆ ಅದು 16 ಕೋಟಿ ಆಯಿತು. ಬೊಜ್ಜಿನ ಮಟ್ಟ ಮುಟ್ಟದಿದ್ದರೂ ತೂಕ ಜಾಸ್ತಿ ಇರುವವರನ್ನೂ ಸೇರಿಸಿದರೆ 39 ಕೋಟಿ ದಾಟುತ್ತದೆ. 2025ರಲ್ಲಿ ಯುನಿಸೆಫ್ ಹೇಳಿದ ಲೆಕ್ಕ ನನ್ನ ಮನಸ್ಸಿನಿಂದ ಹೋಗಿಲ್ಲ: ಈ ವಯಸ್ಸಿನವರಲ್ಲಿ ಬೊಜ್ಜು ಇರುವವರು ಶೇ 9.4, ತೂಕ ಕಡಿಮೆ ಇರುವವರು ಶೇ 9.2. ಬೊಜ್ಜು ಮುಂದೆ ಹೋಗಿದ್ದು ಇದೇ ಮೊದಲು.

ದಕ್ಷಿಣ ಏಷ್ಯಾ ಮತ್ತು ಸಹಾರಾದ ಕೆಳಗಿನ ಆಫ್ರಿಕಾದಲ್ಲಿ ಮಾತ್ರ ಈಗಲೂ ತೂಕ ಕಡಿಮೆ ಇರುವ ಮಕ್ಕಳೇ ಜಾಸ್ತಿ. ಅಲ್ಲೂ ಗಾಳಿ ಬೀಸುತ್ತಿರುವ ದಿಕ್ಕು ಬೇರೆಯಲ್ಲ. ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೇ ನೋಡಿ. ಐದು ವರ್ಷದೊಳಗಿನ ಮಕ್ಕಳಲ್ಲಿ ತೂಕ ಜಾಸ್ತಿ ಇದ್ದವರು 2015-16ರಲ್ಲಿ ಶೇ 2.1. 2019-21ರಲ್ಲಿ ಶೇ 3.4. ಸಣ್ಣ ಸಂಖ್ಯೆ ಅನಿಸುತ್ತೆ, ನಿಜ. ಆದರೆ ಅದೇ ಸಮೀಕ್ಷೆಯಲ್ಲಿ ಶೇ 35.5ರಷ್ಟು ಮಕ್ಕಳ ಎತ್ತರ ವಯಸ್ಸಿಗೆ ತಕ್ಕ ಹಾಗೆ ಬೆಳೆದಿರಲಿಲ್ಲ. ಒಂದು ಕಷ್ಟ ತೀರುವ ಮೊದಲೇ ಇನ್ನೊಂದು ಬಂದು ಕೂತಿದೆ.

ಶ್ರೀಮಂತ ದೇಶಗಳಿಗೆ ಈ ಬದಲಾವಣೆಗೆ ಸಾಕಷ್ಟು ಸಮಯ ಸಿಕ್ಕಿತ್ತು. ಅಷ್ಟರಲ್ಲಿ ಆಸ್ಪತ್ರೆ, ವಿಮೆ, ಶಾಲೆಯ ಆಟದ ಮೈದಾನ ಎಲ್ಲ ಕಟ್ಟಿಕೊಂಡಿದ್ದರು. ಬೆಳೆಯುತ್ತಿರುವ ದೇಶಗಳಲ್ಲಿ ಅದೇ ಬದಲಾವಣೆ ಒಂದೇ ತಲೆಮಾರಿನಲ್ಲಿ ನಡೆದುಹೋಗುತ್ತಿದೆ.

ಒಂದೇ ಮನೆಯಲ್ಲಿ ಒಬ್ಬರಿಗೆ ಅಪೌಷ್ಟಿಕತೆ, ಇನ್ನೊಬ್ಬರಿಗೆ ಬೊಜ್ಜು. ಇದು ಹೇಗೆ ಸಾಧ್ಯ?

ಒಂದೇ ಮಗುವಿನಲ್ಲೂ ಸಾಧ್ಯ. ಹೊಟ್ಟೆ ತುಂಬುವುದು ಬೇರೆ, ಮೈಗೆ ಬೇಕಾದದ್ದು ಸಿಗುವುದು ಬೇರೆ. ಕಡಿಮೆ ಕಾಸಿಗೆ ಹೊಟ್ಟೆ ತುಂಬಿಸುವುದು ಹಿಟ್ಟು, ಸಕ್ಕರೆ, ಎಣ್ಣೆ. ಎಲುಬು, ಸ್ನಾಯು, ರಕ್ತ ಆಗಲು ಬೇಕಾದ ಪ್ರೋಟೀನ್, ಕಬ್ಬಿಣ, ಸತು ಅದರಲ್ಲಿ ಬಹಳ ಕಡಿಮೆ. ಹಾಗಾಗಿ ಕೆಲವು ಮಕ್ಕಳಲ್ಲಿ ಎತ್ತರ ನಿಂತುಹೋಗುತ್ತದೆ, ಅಗಲ ಬೆಳೆಯುತ್ತದೆ. ದಪ್ಪಗಿರುವ ಮಗುವಿನ ರಕ್ತ ಪರೀಕ್ಷೆ ಮಾಡಿದರೆ ರಕ್ತಹೀನತೆ ಸಿಗುವುದು ಅಪರೂಪವೇನಲ್ಲ.

ಕಥೆ ಇನ್ನೂ ಹಿಂದಕ್ಕೆ, ತಾಯಿಯ ಹೊಟ್ಟೆಯೊಳಕ್ಕೆ ಹೋಗುತ್ತದೆ. ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಅನ್ನುವ ವೈದ್ಯರು 1980ರ ದಶಕದಲ್ಲಿ ಹಳೇ ಜನನ ದಾಖಲೆಗಳನ್ನು ತೆಗೆದು ನೋಡಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲೇ ದೊಡ್ಡವರಾದ ಮೇಲೆ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಗರ್ಭದಲ್ಲಿ ಕೊರತೆ ಕಂಡ ಕೂಸು ಸಿಕ್ಕಿದ್ದನ್ನೆಲ್ಲ ಉಳಿಸಿಕೊಳ್ಳುವ ಹಾಗೆ ಮೈಯನ್ನು ಹೊಂದಿಸಿಕೊಳ್ಳುತ್ತದೆ ಅನ್ನುವುದು ಅವರ ವಾದ. ಮುಂದೆ ಸಿಗುವ ಊಟವೂ ಕಡಿಮೆಯೇ ಆಗಿದ್ದರೆ ಆ ಹೊಂದಾಣಿಕೆ ಕೆಲಸಕ್ಕೆ ಬರುತ್ತಿತ್ತು. ಆದರೆ ಹೊರಗೆ ಬಂದ ಮೇಲೆ ಸಿಗುವುದು ಸಕ್ಕರೆ ನೀರು ಮತ್ತು ಕರಿದ ತಿಂಡಿ.

ಪುಣೆಯ ಹತ್ತಿರದ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ತಂಡ 1990ರ ದಶಕದಿಂದ ತಾಯಂದಿರನ್ನೂ ಮಕ್ಕಳನ್ನೂ ಅಳೆಯುತ್ತಾ ಬಂದರು. ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕಿಲೋ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ 3.5 ಕಿಲೋ. ಎಲ್ಲ ಅಳತೆಯಲ್ಲೂ ಪುಣೆಯ ಕೂಸು ಚಿಕ್ಕದು. ಆದರೆ ಚರ್ಮವನ್ನು ಚಿವುಟಿ ಹಿಡಿದು ಒಳಗಿನ ಕೊಬ್ಬನ್ನು ಅಳೆದಾಗ ವ್ಯತ್ಯಾಸ ಅಷ್ಟಾಗಿ ಇರಲಿಲ್ಲ. ಸ್ನಾಯು ಕಡಿಮೆ, ಕೊಬ್ಬು ಮಾತ್ರ ಉಳಿದುಕೊಂಡಿದೆ. ನೋಡಲು ಸಣಕಲು, ಒಳಗೆ ಕೊಬ್ಬು. ಇಂಥ ಮಗುವಿಗೆ "ಪಾಪ, ಬಡಕಲು" ಅಂತ ಸಿಕ್ಕಿದ್ದೆಲ್ಲ ತಿನ್ನಿಸಿ ಗಡಿಬಿಡಿಯಲ್ಲಿ ತೂಕ ಏರಿಸುವುದೇ ಅಪಾಯ.

ಹಾಗಾಗಿ ಬೊಜ್ಜು ತಡೆಯುವ ಕೆಲಸ ಗರ್ಭಿಣಿಯ ತಟ್ಟೆಯಿಂದ ಶುರುವಾಗಬೇಕು. ಅದಕ್ಕೂ ಮೊದಲು ಹದಿಹರೆಯದ ಹುಡುಗಿಯ ತಟ್ಟೆಯಿಂದ.

ಇದು ಉಳ್ಳವರ ಮಕ್ಕಳ ಕಾಯಿಲೆ ಅಲ್ವಾ?

ಶುರುವಿನಲ್ಲಿ ಹೌದು. ಬಡ ದೇಶದಲ್ಲಿ ಬೊಜ್ಜು ಮೊದಲು ಕಾಣಿಸುವುದು ಪೇಟೆಯ ಉಳ್ಳವರ ಮನೆಯಲ್ಲಿ. ದೇಶದ ಆದಾಯ ಏರುತ್ತಾ ಹೋದ ಹಾಗೆ ಅದು ಬಡವರ ಮನೆಗೆ ಇಳಿಯುತ್ತದೆ. ಉಳ್ಳವರು ಹಣ್ಣು, ತರಕಾರಿ, ಆಟದ ಕ್ಲಬ್ಬು, ಒಳ್ಳೆಯ ವೈದ್ಯರ ಕಡೆ ತಿರುಗುತ್ತಾರೆ. ಬಡವರಿಗೆ ಉಳಿಯುವುದು ಅಗ್ಗದ ಪ್ಯಾಕೆಟ್. ಲ್ಯಾಟಿನ್ ಅಮೆರಿಕದ ಹಲವು ದೇಶಗಳು ಈ ಹಾದಿಯಲ್ಲಿ ಆಗಲೇ ಬಹಳ ದೂರ ಬಂದಿವೆ.

ಹಳ್ಳಿಗಳೂ ಹೊರತಲ್ಲ. 1985ರಿಂದ 2017ರವರೆಗೆ ಜಗತ್ತಿನ ವಯಸ್ಕರ ಸರಾಸರಿ ಬಿಎಂಐ ಏರಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಹಳ್ಳಿಗಳದ್ದು. ಪೆಸಿಫಿಕ್ ದ್ವೀಪಗಳನ್ನು ನೋಡಿದರೆ ಇನ್ನೂ ಸ್ಪಷ್ಟ. ನೌರು, ಕುಕ್ ದ್ವೀಪಗಳು, ನಿಯುವೆಯಲ್ಲಿ ಮೂರು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಬೊಜ್ಜು. ಮೀನು, ಗೆಡ್ಡೆಗೆಣಸು ತಿನ್ನುತ್ತಿದ್ದ ಜನ ಹಡಗಿನಲ್ಲಿ ಬರುವ ಅಗ್ಗದ ಆಹಾರಕ್ಕೆ ಒಗ್ಗಿಹೋದರು.

ಮಗು ಜಾಸ್ತಿ ತಿನ್ನುತ್ತೆ, ಕಡಿಮೆ ಆಡುತ್ತೆ. ಕಾರಣ ಅಷ್ಟೇ ತಾನೇ?

ಲೆಕ್ಕಕ್ಕೆ ಅಷ್ಟೇ. ಆದರೆ ಮೂವತ್ತು ವರ್ಷದಲ್ಲಿ ಜಗತ್ತಿನ ಮಕ್ಕಳೆಲ್ಲ ಒಮ್ಮೆಗೇ ಹೊಟ್ಟೆಬಾಕರೂ ಸೋಮಾರಿಗಳೂ ಆಗಿಬಿಟ್ಟರಾ? ಮಕ್ಕಳು ಇದ್ದ ಹಾಗೇ ಇದ್ದಾರೆ. ಅವರ ಸುತ್ತ ಇರುವುದೆಲ್ಲ ಬದಲಾಗಿದೆ. ನನಗೆ ಅತ್ಯಂತ ಮುಖ್ಯ ಅನಿಸುವುದು ಈ ಮಾತು.

ಮಗುವಿನ ಒಂದು ದಿನವನ್ನು ಹಾಗೇ ಹಿಂಬಾಲಿಸಿ. ಬೆಳಿಗ್ಗೆ ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೊರಡುವ ಗಡಿಬಿಡಿ, ಬುತ್ತಿಗೆ ಒಂದು ಪ್ಯಾಕೆಟ್. ರಸ್ತೆ ದಾಟಲು ಭಯ, ಹಾಗಾಗಿ ವಾಹನದಲ್ಲಿ ಶಾಲೆಗೆ. ಶಾಲೆಗೆ ಮೈದಾನವೇ ಇಲ್ಲ, ಇದ್ದರೂ ಪರೀಕ್ಷೆ ಹತ್ತಿರ ಬಂದಾಗ ಆಟದ ಪೀರಿಯಡ್ ಪಾಠಕ್ಕೆ ಹೋಗುತ್ತದೆ. ಗೇಟಿನ ಎದುರಿಗೇ ಅಂಗಡಿ, ಮಗುವಿನ ಕಣ್ಣಿನ ಎತ್ತರಕ್ಕೇ ತೂಗುಹಾಕಿದ ಬಣ್ಣದ ಪೊಟ್ಟಣಗಳು. ಕುಡಿಯುವ ನೀರಿನ ನಲ್ಲಿ ಕೆಟ್ಟಿದೆ, ಸಿಹಿ ಪಾನೀಯ ಸಿಗುತ್ತದೆ. ಸಂಜೆ ಟ್ಯೂಷನ್. ರಾತ್ರಿ ಮೊಬೈಲ್, ಅದರಲ್ಲಿ ಮತ್ತೆ ತಿಂಡಿಯ ಜಾಹೀರಾತು. ಇಷ್ಟರಲ್ಲಿ ಮಗು ಆರಿಸಿಕೊಂಡದ್ದು ಯಾವುದು?

ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ 2009ರಲ್ಲಿ ಆಹಾರವನ್ನು ಹೊಸ ರೀತಿಯಲ್ಲಿ ನೋಡಿ ಅಂದರು. ಎಷ್ಟು ಕೊಬ್ಬು, ಎಷ್ಟು ಸಕ್ಕರೆ ಅನ್ನುವುದರ ಜೊತೆಗೆ, ಕಾರ್ಖಾನೆಯಲ್ಲಿ ಅದನ್ನು ಎಷ್ಟು ಒಡೆದು ಮತ್ತೆ ಜೋಡಿಸಿದ್ದಾರೆ ಅಂತ ನೋಡಬೇಕು ಅನ್ನುವುದು ಅವರ ಮಾತು. ಇಂಥದ್ದಕ್ಕೆ ಅತಿ ಸಂಸ್ಕರಿತ ಆಹಾರ ಅನ್ನುತ್ತಾರೆ. ಇದು ಮೆತ್ತಗೆ, ಬೇಗ ನುಂಗಬಹುದು. ಸಾಕು ಅಂತ ಹೊಟ್ಟೆ ಹೇಳುವ ಮೊದಲೇ ಪ್ಯಾಕೆಟ್ ಖಾಲಿ.

ತಂಪು ಪಾನೀಯದಲ್ಲಿ ಅಂಥದ್ದೇನಿದೆ? ನೀರು ತಾನೇ?

ಒಂದು ಸಲ ಮನೆಯಲ್ಲೇ ಮಾಡಿ ನೋಡಿ. ಮಾಮೂಲಿ ಕೋಲಾದಲ್ಲಿ 100 ಮಿಲಿಲೀಟರಿಗೆ 10-11 ಗ್ರಾಂ ಸಕ್ಕರೆ ಇರುತ್ತದೆ. 300 ಮಿಲಿಲೀಟರ್ ಬಾಟಲಿ ಅಂದರೆ 30 ಗ್ರಾಂ ದಾಟಿತು. ಟೀ ಚಮಚದಲ್ಲಿ ಸುಮಾರು 4 ಗ್ರಾಂ ಹಿಡಿಯುತ್ತದೆ. ಒಂದು ಖಾಲಿ ಲೋಟ ಇಟ್ಟು, ಮಗುವಿನ ಕೈಯಲ್ಲೇ ಒಂದೊಂದು ಚಮಚ ಸಕ್ಕರೆ ಹಾಕಿಸಿ, ಎಣಿಸಿ. ಏಳು ಮುಗಿದು ಎಂಟನೆಯದಕ್ಕೆ ಬರುವಾಗ ಮಗು ನಿಮ್ಮ ಮುಖ ನೋಡುತ್ತದೆ.

ದಿನದ ಒಟ್ಟು ಶಕ್ತಿಯಲ್ಲಿ ಹೊರಗಿನಿಂದ ಸೇರಿಸಿದ ಸಕ್ಕರೆ ಶೇ 10ಕ್ಕಿಂತ ಕಡಿಮೆ ಇರಲಿ, ಶೇ 5ಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಕ್ಕೆ 2000 ಕ್ಯಾಲರಿ ಬೇಕಾದ ದೊಡ್ಡವರಿಗೇ ಶೇ 5 ಅಂದರೆ ಬರೀ 25 ಗ್ರಾಂ. ಚಿಕ್ಕ ಮಗುವಿಗೆ ಅಷ್ಟೂ ಇಲ್ಲ.

ಕುಡಿದ ಕ್ಯಾಲರಿ ಇನ್ನೊಂದು ಥರದಲ್ಲಿ ಮೋಸ ಮಾಡುತ್ತದೆ. ಅಗಿದು ತಿಂದದ್ದು ಹೊಟ್ಟೆ ತುಂಬಿಸಿದಷ್ಟು ಕುಡಿದದ್ದು ತುಂಬಿಸುವುದಿಲ್ಲ. ಬಾಟಲಿ ಮುಗಿಸಿದ ಮಗು ಊಟವನ್ನೂ ಅಷ್ಟೇ ಮಾಡುತ್ತದೆ.

ಹಣ್ಣಿನ ಜ್ಯೂಸ್ ಕೊಡಬಹುದಾ?

ಹಣ್ಣು ಕೊಡಿ. ಜ್ಯೂಸ್ ಮಾಡಿದಾಗ ನಾರು ಹೋಗುತ್ತದೆ, ಸಕ್ಕರೆ ಉಳಿಯುತ್ತದೆ. ಮೇಲೆ ಹೇಳಿದ ಸಕ್ಕರೆ ಮಿತಿಯಲ್ಲಿ ಜ್ಯೂಸ್‌ನ ಸಕ್ಕರೆಯೂ ಸೇರುತ್ತದೆ.

ಪ್ಯಾಕೆಟ್ ಮೇಲಿನ ಸಣ್ಣ ಅಕ್ಷರದಲ್ಲಿ ಏನು ನೋಡಬೇಕು?

ಮುಂಭಾಗ ಬಿಟ್ಟುಬಿಡಿ. ಅಲ್ಲಿರುವುದು ಹಣ್ಣಿನ ಚಿತ್ರ, ಓಡುವ ಹುಡುಗ, "ವಿಟಮಿನ್ ತುಂಬಿದೆ" ಅನ್ನುವ ಮಾತು. ತಿರುಗಿಸಿ. ಅಂಟಿಸಿದ ಮಡಿಕೆಯ ಹತ್ತಿರ, ಸುಕ್ಕಿನೊಳಗೆ, ಪದಾರ್ಥಗಳ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಮೊದಲು ಬರೆಯುವುದು ಅತಿ ಜಾಸ್ತಿ ಇರುವ ಪದಾರ್ಥವನ್ನು. ಮೊದಲ ಮೂರರಲ್ಲಿ ಸಕ್ಕರೆ, ಮೈದಾ, ಎಣ್ಣೆ ಬಂದರೆ ಉಳಿದದ್ದು ಓದಬೇಕಾಗಿಲ್ಲ. ಸಕ್ಕರೆಗೆ ಹೆಸರು ಬೇರೆ ಬೇರೆ ಇರುತ್ತದೆ: ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್ ಹೀಗೆ.

ಇನ್ನೊಂದು ಮುಖ್ಯ. "ಒಂದು ಸರ್ವಿಂಗ್‌ನಲ್ಲಿ ಇಷ್ಟು" ಅನ್ನುವ ಕಾಲಂ ನೋಡಿ ಸಮಾಧಾನ ಪಡಬೇಡಿ. ಪ್ಯಾಕೆಟ್‌ನಲ್ಲಿ ಅಂಥ ನಾಲ್ಕು ಸರ್ವಿಂಗ್ ಇರಬಹುದು, ಮಗು ತಿನ್ನುವುದು ಇಡೀ ಪ್ಯಾಕೆಟ್. 100 ಗ್ರಾಂಗೆ ಎಷ್ಟು ಅಂತ ನೋಡಿ ಹೋಲಿಸಿ.

ಆದರೆ ದುಡಿದು ದಣಿದು ಬಂದ ತಾಯಿ, ಓದಲು ಬಾರದ ತಂದೆ ಇದನ್ನೆಲ್ಲ ಮಾಡಬೇಕು ಅನ್ನುವುದು ನ್ಯಾಯ ಅಂತ ನನಗೆ ಅನಿಸುವುದಿಲ್ಲ. ಚಿಲಿ ದೇಶ ಇದಕ್ಕೆ ಏನು ಮಾಡಿತು ಅಂತ ಮುಂದೆ ಹೇಳುತ್ತೇನೆ.

ಎದೆಹಾಲಿಗೂ ಬೊಜ್ಜಿಗೂ ಏನು ಸಂಬಂಧ?

ಎದೆಹಾಲು ಕುಡಿದ ಮಕ್ಕಳಲ್ಲಿ ಮುಂದೆ ಬೊಜ್ಜು ಸ್ವಲ್ಪ ಕಡಿಮೆ ಕಾಣುತ್ತದೆ. ಎದೆ ಕಚ್ಚಿ ಕುಡಿಯುವ ಕೂಸು ಸಾಕಾದಾಗ ತಾನೇ ಬಿಡುತ್ತದೆ. ಬಾಟಲಿಯಲ್ಲಿ ಕುಡಿಸುವಾಗ ಉಳಿದದ್ದನ್ನೂ ಮುಗಿಸಿಬಿಡಲಿ ಅನ್ನುವ ಆಸೆ ನಮಗೆ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಮನೆಯ ಮೆತ್ತನೆಯ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಮುಂದೆ. ಹಾಲಿನ ಪುಡಿಯ ಪ್ರಚಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸಂಹಿತೆ 1981ರಲ್ಲೇ ಬಂದಿದೆ. ಹಾಲು ಬಾರದ ತಾಯಿಯನ್ನು ಮಾತ್ರ ಯಾರೂ ಚುಚ್ಚಬಾರದು. ಅವರಿಗೆ ಬೇಕಾದದ್ದು ಸಹಾಯ.

ನಮ್ಮ ವಂಶದಲ್ಲೇ ಎಲ್ಲರೂ ದಪ್ಪ. ಥೈರಾಯ್ಡ್ ಇರಬಹುದಾ?

ವಂಶವಾಹಿಯ ಪಾಲು ಖಂಡಿತ ಇದೆ. ಒಂದೇ ಊಟ ಮಾಡಿದ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ತೂಕ ಏರುವುದು ಅದರಿಂದಲೇ. ಆದರೆ ವಂಶವಾಹಿ ಮೂವತ್ತು ವರ್ಷದಲ್ಲಿ ಬದಲಾಗುವುದಿಲ್ಲ.

ಥೈರಾಯ್ಡ್ ಮುಂತಾದ ಹಾರ್ಮೋನ್ ತೊಂದರೆಯಿಂದ ಬರುವ ಬೊಜ್ಜು ಕಡಿಮೆ. ಅದಕ್ಕೆ ಒಂದು ಸುಳಿವು ಇದೆ: ಬರೀ ತಿಂದು ದಪ್ಪ ಆದ ಮಗು ಸಾಮಾನ್ಯವಾಗಿ ತನ್ನ ವಯಸ್ಸಿನವರಿಗಿಂತ ಎತ್ತರವಾಗೇ ಇರುತ್ತದೆ. ದಪ್ಪ ಇದ್ದೂ ಎತ್ತರ ಬೆಳೆಯುವುದು ನಿಂತಿದ್ದರೆ ವೈದ್ಯರು ನೋಡಲೇಬೇಕು.

ದೊಡ್ಡವರಾಗುತ್ತಾ ತಾನಾಗೇ ಇಳಿಯುತ್ತೆ ಅಂತಾರಲ್ಲ?

ಕೆಲವರಿಗೆ ಇಳಿಯುತ್ತದೆ. ಆದರೆ ಬೊಜ್ಜು ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹದಿಹರೆಯದಲ್ಲೂ ಹಾಗೇ ಇರುತ್ತಾರೆ. ಹದಿಹರೆಯದಲ್ಲಿ ಬೊಜ್ಜು ಇದ್ದವರಲ್ಲಿ ಐವರಲ್ಲಿ ನಾಲ್ವರು ವಯಸ್ಕರಾದ ಮೇಲೂ ಹಾಗೇ ಉಳಿಯುತ್ತಾರೆ.

ದೊಡ್ಡವರಾಗುವವರೆಗೂ ತೊಂದರೆ ಕಾಯುವುದಿಲ್ಲ. ಒಂದು ಕಾಲಕ್ಕೆ ಟೈಪ್ 2 ಶುಗರ್ ಕಾಯಿಲೆ ಅಂದರೆ ದೊಡ್ಡವರದ್ದು ಅಂತಲೇ ಲೆಕ್ಕ. ಈಗ ಹದಿಹರೆಯದವರಲ್ಲೂ ಸಿಗುತ್ತಿದೆ. ಬಿಪಿ, ಫ್ಯಾಟಿ ಲಿವರ್, ಮಂಡಿ ಮತ್ತು ಸೊಂಟದ ಕೀಲು ನೋವು, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹುಡುಗಿಯರಲ್ಲಿ ಬೇಗ ಮುಟ್ಟು ಶುರುವಾಗುವುದು ಎಲ್ಲ ಇದರ ಜೊತೆ ಬರಬಹುದು. ಕತ್ತಿನ ಹಿಂದೆ, ಕಂಕುಳಲ್ಲಿ ಕಪ್ಪಾಗಿ ದಪ್ಪಗಾದ ಚರ್ಮ ಕಂಡರೆ ಕೊಳೆ ಅಂತ ಉಜ್ಜಿ ಉಜ್ಜಿ ತೊಳೆಯುತ್ತಾರೆ. ಮಗು ಅಳುತ್ತದೆ. ಅದು ಕೊಳೆ ಅಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದಕ್ಕೆ ಚರ್ಮ ಕೊಡುವ ಸೂಚನೆ.

ಹಾಗಾದರೆ ಡಯಟ್ ಮಾಡಿಸಲೇ?

ದೊಡ್ಡವರ ಹಾಗೆ ಉಪವಾಸ, ಒಂದು ಹೊತ್ತಿನ ಊಟ ಬಿಡಿಸುವುದು, ಇವು ಬೇಡವೇ ಬೇಡ. ಮಗು ಬೆಳೆಯುತ್ತಿದೆ, ಅದೇ ನಮಗಿರುವ ಅನುಕೂಲ. ಬಹಳಷ್ಟು ಚಿಕ್ಕ ಮಕ್ಕಳಿಗೆ ತೂಕ ಇಳಿಸುವ ಅಗತ್ಯವೇ ಇರುವುದಿಲ್ಲ. ತೂಕ ಇದ್ದಲ್ಲೇ ನಿಂತು ಎತ್ತರ ಬೆಳೆದರೆ ಒಂದೆರಡು ವರ್ಷದಲ್ಲಿ ಲೆಕ್ಕ ಸರಿಹೋಗುತ್ತದೆ.

ಬದಲಾವಣೆ ಇಡೀ ಮನೆಗೆ ಆಗಬೇಕು. ಅಣ್ಣನಿಗೆ ಚಿಪ್ಸ್, ತಮ್ಮನಿಗೆ ಸೌತೆಕಾಯಿ ಅಂದರೆ ತಮ್ಮ ಅದನ್ನು ಶಿಕ್ಷೆ ಅಂತಲೇ ತಿಳಿಯುತ್ತಾನೆ. ಮನೆಗೆ ತರುವ ಸಾಮಾನಿನ ಪಟ್ಟಿಯಿಂದಲೇ ಶುರು ಮಾಡಿ. ಡಬ್ಬಿಯಲ್ಲಿ ಇಲ್ಲದ್ದಕ್ಕೆ ದಿನಾ ಜಗಳ ಆಡಬೇಕಾಗಿಲ್ಲ. ಬಾಯಾರಿದರೆ ನೀರು. ತಟ್ಟೆಯಲ್ಲಿ ಬೇಳೆಕಾಳು, ತರಕಾರಿ ಜಾಸ್ತಿ. ಎಲ್ಲರೂ ಕೂತು, ಪರದೆ ಇಲ್ಲದೆ ಊಟ. ಸಾಕು ಅಂದ ಮಗುವಿಗೆ "ತಟ್ಟೆ ಖಾಲಿ ಮಾಡು" ಅನ್ನಬೇಡಿ. ಒಳ್ಳೆಯ ಮಾರ್ಕ್ಸ್ ಬಂದಿದ್ದಕ್ಕೆ ಚಾಕೊಲೇಟ್ ಕೊಡುವ ಬದಲು ಜೊತೆಯಲ್ಲಿ ಒಂದು ಗಂಟೆ ಆಡಿ.

ಆಟ ಎಷ್ಟು ಬೇಕು? ನಿದ್ದೆಗೂ ತೂಕಕ್ಕೂ ಸಂಬಂಧ ಇದೆಯಾ?

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ಉಸಿರಾಟ ಜೋರಾಗುವ ಹಾಗೆ. ಒಂದೇ ಸಲಕ್ಕೆ ಆಗಬೇಕಿಲ್ಲ. ಆದರೆ ಜಗತ್ತಿನ 11ರಿಂದ 17 ವರ್ಷದವರಲ್ಲಿ ಶೇ 81 ಮಂದಿಗೆ ಇಷ್ಟೂ ಸಿಗುತ್ತಿಲ್ಲ. ಹುಡುಗಿಯರ ಪರಿಸ್ಥಿತಿ ಇನ್ನೂ ಕಷ್ಟ. ಹೊರಗೆ ಆಡಲು ಬಿಡದಿರುವುದು ಎಷ್ಟೋ ಕಡೆ ಭಯದಿಂದ, ಆ ಭಯಕ್ಕೆ ಕಾರಣವೂ ಇರುತ್ತದೆ.

ನಿದ್ದೆ ಕಡಿಮೆಯಾದರೆ ಹಸಿವಿನ ಹಾರ್ಮೋನ್ ಏರುಪೇರಾಗಿ ಸಿಹಿ, ಕರಿದದ್ದು ಬೇಕು ಅನಿಸುತ್ತದೆ. ಶಾಲೆಗೆ ಹೋಗುವ ಮಗುವಿಗೆ 9ರಿಂದ 11 ಗಂಟೆ ನಿದ್ದೆ ಬೇಕು. ಮಲಗುವ ಕೋಣೆಯಿಂದ ಮೊಬೈಲ್ ಹೊರಗಿಡಿ, ನಿಮ್ಮದನ್ನೂ.

ಶಾಲೆಯಲ್ಲಿ ತೂಕ ನೋಡಿ ದಪ್ಪ ಮಕ್ಕಳನ್ನು ಬೇರೆ ಮಾಡಿ ವ್ಯಾಯಾಮ ಮಾಡಿಸಿದರೆ?

ಸಿಂಗಪುರ ಇದನ್ನು ಮಾಡಿ ನೋಡಿದೆ. ಅಲ್ಲಿ 1992ರಲ್ಲಿ "ಟ್ರಿಮ್ ಅಂಡ್ ಫಿಟ್" ಅನ್ನುವ ಕಾರ್ಯಕ್ರಮ ಶುರುವಾಯಿತು, ಚುಟುಕಾಗಿ "ಟ್ಯಾಫ್". ತೂಕ ಜಾಸ್ತಿ ಇದ್ದ ಮಕ್ಕಳಿಗೆ ಬೇರೆಯಾಗಿ ವ್ಯಾಯಾಮ. ದಪ್ಪ ಮಕ್ಕಳ ಪ್ರಮಾಣ ಇಳಿಯಿತು ಕೂಡ. ಆದರೆ ಇಂಗ್ಲಿಷ್‌ನಲ್ಲಿ ಟ್ಯಾಫ್ ಅನ್ನುವ ಅಕ್ಷರಗಳನ್ನು ತಿರುಗಿಸಿ ಓದಿದರೆ ಫ್ಯಾಟ್ ಆಗುತ್ತದೆ. ಮಕ್ಕಳಿಗೆ ಅದನ್ನು ಕಂಡುಹಿಡಿಯಲು ಎಷ್ಟು ಹೊತ್ತು ಬೇಕು? ಗೇಲಿ, ಅವಮಾನದ ದೂರುಗಳು ಬಂದವು. 2007ರಲ್ಲಿ ಅದನ್ನು ನಿಲ್ಲಿಸಿ, ಎಲ್ಲ ಮಕ್ಕಳೂ ಒಟ್ಟಿಗೆ ಸೇರುವ ಬೇರೆ ಕಾರ್ಯಕ್ರಮ ತಂದರು.

ತೂಕ ನೋಡಬೇಕು, ಅದು ಉಪಯುಕ್ತ. ಪರದೆಯ ಹಿಂದೆ, ಒಬ್ಬೊಬ್ಬರನ್ನೇ. ಸಂಖ್ಯೆಯನ್ನು ಕೂಗಿ ಹೇಳಬೇಡಿ. ಚೀಟಿ ಮನೆಯವರ ಕೈಗೆ ಹೋಗಲಿ. ತರಗತಿಯ ಎದುರು ತೂಕದ ಯಂತ್ರ ಹತ್ತಿದ ಮಗು, ಮುಳ್ಳು ನಿಲ್ಲುವವರೆಗೆ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಳ್ಳುವುದನ್ನು ನೋಡಿದರೆ ಕರುಳು ಚುರುಕ್ ಅನ್ನುತ್ತದೆ. ನಾಚಿಕೆಪಡಿಸಿದರೆ ತೂಕ ಇಳಿಯುವುದಿಲ್ಲ. ಆ ಮಗು ಆಟಕ್ಕೆ ಬರುವುದು ಬಿಡುತ್ತದೆ, ಕದ್ದು ತಿನ್ನಲು ಕಲಿಯುತ್ತದೆ. "ಡುಮ್ಮ", "ಡುಮ್ಮಿ" ಅಂತ ಪ್ರೀತಿಯಿಂದ ಕರೆದರೂ ಕೇಳುವವರಿಗೆ ಅದು ಪ್ರೀತಿಯಾಗಿ ಕೇಳಿಸುವುದಿಲ್ಲ.

ಮಗುವಿನ ಊಟ ತಂದೆತಾಯಿಯ ಜವಾಬ್ದಾರಿ. ಸರ್ಕಾರ ಯಾಕೆ ತಲೆ ಹಾಕಬೇಕು?

ತಂದೆತಾಯಿ ದಿನಕ್ಕೆ ಮೂರು ಸಲ ಹೇಳುವುದನ್ನು ಜಾಹೀರಾತು ಮೂವತ್ತು ಸಲ ಅಳಿಸುತ್ತದೆ. ಯುನಿಸೆಫ್ 170ಕ್ಕೂ ಜಾಸ್ತಿ ದೇಶಗಳ 64,000 ಹದಿಹರೆಯದವರು ಮತ್ತು ಯುವಜನರನ್ನು ಕೇಳಿತು. ನಾಲ್ವರಲ್ಲಿ ಮೂವರು ಹಿಂದಿನ ವಾರದಲ್ಲಿ ಸಿಹಿ ಪಾನೀಯ, ಕುರುಕಲು ಅಥವಾ ಫಾಸ್ಟ್ ಫುಡ್ ಜಾಹೀರಾತು ನೋಡಿದ್ದರು. ಇಷ್ಟು ದೊಡ್ಡ ಬಲದ ಎದುರು ಒಂದು ಮನೆಯನ್ನು ಒಂಟಿಯಾಗಿ ನಿಲ್ಲಿಸುವುದು ಸರಿಯಲ್ಲ.

ಕಾನೂನು, ತೆರಿಗೆಗಳಿಂದ ನಿಜವಾಗಿ ಏನಾದರೂ ಆಗಿದೆಯಾ?

ಮೆಕ್ಸಿಕೊ 2014ರ ಜನವರಿಯಲ್ಲಿ ಸಕ್ಕರೆ ಪಾನೀಯಕ್ಕೆ ಲೀಟರಿಗೆ 1 ಪೆಸೊ ತೆರಿಗೆ ಹಾಕಿತು. ಮೊದಲ ವರ್ಷ ಅಂಥ ಪಾನೀಯ ಕೊಳ್ಳುವುದು ಸರಾಸರಿ ಶೇ 6ರಷ್ಟು ಇಳಿಯಿತು. ಬಡ ಮನೆಗಳಲ್ಲಿ ಇಳಿಕೆ ಇನ್ನೂ ಜಾಸ್ತಿ. ಬಾಟಲಿ ನೀರು ಕೊಳ್ಳುವುದು ಏರಿತು. ಬಡವರ ಮೇಲೆ ಹೊರೆ ಅನ್ನುವ ಟೀಕೆ ಇದೆ, ಅದನ್ನು ತಳ್ಳಿಹಾಕಲಾಗದು. ಶುದ್ಧ ಕುಡಿಯುವ ನೀರು ಕೊಡದೆ ಬರೀ ತೆರಿಗೆ ಹಾಕಿದರೆ ಅದು ಅನ್ಯಾಯವೇ. ದಕ್ಷಿಣ ಆಫ್ರಿಕಾದ ದಾರಿ ಬೇರೆ. ಅಲ್ಲಿ 2018ರಿಂದ ತೆರಿಗೆ ಸಕ್ಕರೆಯ ಗ್ರಾಂ ಮೇಲೆ, 100 ಮಿಲಿಲೀಟರಿಗೆ 4 ಗ್ರಾಂ ದಾಟಿದ ಮೇಲೆ. ಹಾಗಾಗಿ ಕಂಪನಿಗಳೇ ಸಕ್ಕರೆ ಇಳಿಸಿದವು. ಕುಡಿಯುವವರ ಅಭ್ಯಾಸ ಬದಲಾಗದಿದ್ದರೂ ಒಳಗೆ ಹೋಗುವ ಸಕ್ಕರೆ ಕಡಿಮೆಯಾಗುತ್ತದೆ. ನನಗೆ ಇದೇ ಜಾಣತನದ ದಾರಿ ಅನಿಸುತ್ತದೆ.

ಚಿಲಿಯ ಕಾನೂನು 2016ರ ಜೂನ್‌ನಲ್ಲಿ ಜಾರಿಗೆ ಬಂತು. ಸಕ್ಕರೆ, ಉಪ್ಪು, ಕೆಟ್ಟ ಕೊಬ್ಬು, ಕ್ಯಾಲರಿ ಮಿತಿ ಮೀರಿದರೆ ಪ್ಯಾಕೆಟ್‌ನ ಮುಂಭಾಗದಲ್ಲೇ ಎಂಟು ಮೂಲೆಯ ಕಪ್ಪು ಗುರುತು. ಮಿತಿಗೊಂದು ಗುರುತು, ನಾಲ್ಕೂ ಮೀರಿದರೆ ನಾಲ್ಕು. ಅಂಕಿ ಓದಬೇಕಿಲ್ಲ, ಕಪ್ಪು ಎಣಿಸಿದರೆ ಸಾಕು. ಗುರುತು ಬಿದ್ದ ತಿಂಡಿಯನ್ನು ಶಾಲೆಯಲ್ಲಿ ಮಾರುವ ಹಾಗಿಲ್ಲ, 14 ವರ್ಷದೊಳಗಿನವರಿಗೆ ಜಾಹೀರಾತು ಮಾಡುವ ಹಾಗಿಲ್ಲ. ಡಬ್ಬಿಗಳ ಮೇಲಿದ್ದ ಕಾರ್ಟೂನ್ ಪ್ರಾಣಿಗಳು ಮಾಯವಾದವು. ಗುರುತು ಬಿದ್ದ ಸಿಹಿ ಪಾನೀಯಗಳ ಖರೀದಿ ಸುಮಾರು ಶೇ 24 ಇಳಿಯಿತು. ಎಷ್ಟೋ ಮನೆಗಳಲ್ಲಿ ಮಕ್ಕಳೇ "ಅಮ್ಮ, ಇದರಲ್ಲಿ ಕಪ್ಪು ಗುರುತು ಇದೆ" ಅನ್ನಲು ಶುರುಮಾಡಿದರು. ಪೆರು, ಮೆಕ್ಸಿಕೊ, ಉರುಗ್ವೆ, ಅರ್ಜೆಂಟೀನಾ ಆಮೇಲೆ ಇದೇ ಹಾದಿ ಹಿಡಿದವು.

ಬ್ರೆಜಿಲ್‌ನ 2009ರ ಕಾನೂನು ಇನ್ನೊಂದು ಬಗೆಯದು. ಶಾಲಾ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇ 30ನ್ನು ಸಣ್ಣ ರೈತ ಕುಟುಂಬಗಳಿಂದ ಕೊಳ್ಳಲು ಇಡಬೇಕು ಅಂತ ಆಗ ನಿಯಮ ಮಾಡಿದರು. ಮಗುವಿನ ತಟ್ಟೆಗೆ ತಾಜಾ ತರಕಾರಿ, ರೈತರಿಗೆ ಖಚಿತ ಗಿರಾಕಿ.

ಇಷ್ಟೆಲ್ಲ ಆದರೂ ಮಕ್ಕಳ ಬೊಜ್ಜನ್ನು ಪೂರ್ತಿ ತಿರುಗಿಸಿದೆವು ಅಂತ ಹೇಳುವ ಸ್ಥಿತಿಗೆ ಈ ದೇಶಗಳು ಇನ್ನೂ ಬಂದಿಲ್ಲ. ಒಂದೇ ಕ್ರಮ ಸಾಲದು. ತೆರಿಗೆ, ಗುರುತು, ಜಾಹೀರಾತಿಗೆ ತಡೆ, ಶಾಲಾ ಊಟ, ನೀರು, ಮೈದಾನ ಎಲ್ಲ ಒಟ್ಟಿಗೆ ಬೇಕು.

ತೂಕ ಇಳಿಸುವ ಇಂಜೆಕ್ಷನ್ ಬಂದಿವೆಯಲ್ಲ?

ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳಲ್ಲಿ ಕೆಲವಕ್ಕೆ 12 ವರ್ಷ ದಾಟಿದವರಿಗೂ ಕೆಲವು ದೇಶಗಳು ಒಪ್ಪಿಗೆ ಕೊಟ್ಟಿವೆ. ತೀರಾ ಜಾಸ್ತಿ ಬೊಜ್ಜು ಇದ್ದು ಕಾಯಿಲೆಗಳೂ ಶುರುವಾಗಿರುವ ಮಕ್ಕಳಿಗೆ, ತಜ್ಞರ ಕೈಯಲ್ಲಿ ಮಾತ್ರ ಅವು. ಅಂಗಡಿಯಲ್ಲಿ, ಮೊಬೈಲ್‌ನಲ್ಲಿ ಸಿಗುವ ತೂಕ ಇಳಿಸುವ ಪುಡಿ, ಮಾತ್ರೆ, ಟೀ ಯಾವುದನ್ನೂ ಮಗುವಿಗೆ ಕೊಡಬೇಡಿ.

ವೈದ್ಯರ ಹತ್ತಿರ ಯಾವಾಗ ಹೋಗಬೇಕು?

ಎತ್ತರ ನಿಂತಿದ್ದರೆ, ಕತ್ತು ಕಪ್ಪಾಗಿದ್ದರೆ, ಮಗು ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದ ಹಾಗೆ ಎದ್ದರೆ, ಮೇಲಿಂದ ಮೇಲೆ ನೀರು ಕುಡಿದು ಮೂತ್ರಕ್ಕೆ ಹೋಗುತ್ತಿದ್ದರೆ, ಸೊಂಟ ಅಥವಾ ಮಂಡಿ ನೋವಿನಿಂದ ಕುಂಟುತ್ತಿದ್ದರೆ, ಎರಡು ವರ್ಷದೊಳಗೇ ತೂಕ ವಿಪರೀತ ಏರಿ ಎಷ್ಟು ತಿಂದರೂ ಹಸಿವು ಅನ್ನುತ್ತಿದ್ದರೆ ತಡ ಮಾಡಬೇಡಿ. ಶಾಲೆಗೆ ಹೋಗಲು ಒಲ್ಲೆ ಅನ್ನುವುದು, ಒಬ್ಬರೇ ಕೂತು ಅಳುವುದು, ಊಟ ಬಚ್ಚಿಟ್ಟು ತಿನ್ನುವುದು ಕೂಡ ಕಾರಣವೇ.

ಹೋಗುವಾಗ ಹುಟ್ಟಿದಾಗಿನ ತೂಕ, ಲಸಿಕೆ ಕಾರ್ಡ್, ಶಾಲೆಯಲ್ಲಿ ಬರೆದ ಹಳೆಯ ತೂಕ ಎತ್ತರ ಏನಿದ್ದರೂ ತೆಗೆದುಕೊಂಡು ಹೋಗಿ. ಮೂರು ದಿನ ಮಗು ತಿಂದದ್ದು, ಕುಡಿದದ್ದು ಒಂದು ಹಾಳೆಯಲ್ಲಿ ಬರೆದಿಡಿ, ಏನೂ ಮುಚ್ಚಿಡದೆ. ಮಗುವಿನ ಎದುರೇ ಅದರ ಮೇಲೆ ದೂರು ಹೇಳಲು ಶುರು ಮಾಡಬೇಡಿ. ವೈದ್ಯರು ಮೊದಲು ಮಗುವನ್ನೇ ಮಾತಾಡಿಸಲಿ: ಯಾವ ಆಟ ಇಷ್ಟ, ಸ್ನೇಹಿತರು ಯಾರು, ರಾತ್ರಿ ನಿದ್ದೆ ಬರುತ್ತದಾ ಅಂತ.